ಡಿಕ್ಕಿಯ ಡಬಡಬ: ತಪ್ಪು ಪೆಟ್ಟಿಗೆಯದೋ, ಗುಂಡಿ ತಿರುಗಿಸುವವರದೋ?

ಶನಿವಾರ ರಾತ್ರಿ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಮಾಜಾಳಿ ದಾಟಿ, ಪೋಳೆ ಗಡಿಯ ಮೂಲಕ ಕಾಣಕೋಣದತ್ತ ಸಾಗುವ ಕಾರುಗಳಲ್ಲಿ ಕೆಲವು ಕಣ್ಣಿಗೆ ಬೀಳುವ ಮೊದಲೇ ಎದೆಗೆ ತಟ್ಟುತ್ತವೆ. ಹಾಡು ಯಾವುದೆಂದು ಗೊತ್ತಾಗುವುದಿಲ್ಲ. ಧಡ್ ಧಡ್ ಎಂಬ ಹೊಡೆತ ಮಾತ್ರ ಕೇಳುತ್ತದೆ. ರಸ್ತೆ ಬದಿಯ ಮನೆಗಳ ಕಿಟಕಿ ಗಾಜು ನಡುಗುತ್ತದೆ, ಮಲಗಿದ ಮಗು ಎದ್ದು ಅಳುತ್ತದೆ. ಕಾರು ಹೋದ ಮೇಲೂ ನಾಯಿಗಳು ಬೊಗಳುತ್ತಲೇ ಇರುತ್ತವೆ.

ಈ ಸದ್ದು ಹುಟ್ಟುವುದು ಕಾರಿನ ಡಿಕ್ಕಿಯಲ್ಲಿ. ಅಲ್ಲಿ ಕುಳಿತಿರುವುದು ಸಬ್ ವೂಫರ್ ಎಂಬ ದೊಡ್ಡ ಸ್ಪೀಕರ್ ಮತ್ತು ಅದಕ್ಕೆಂದೇ ಅಳತೆ ತೆಗೆದು ಮಾಡಿಸಿದ ಪೆಟ್ಟಿಗೆ. ಗೋವಾದ ಮಡಗಾಂವ, ಫೋಂಡಾ, ಮಾಪ್ಸಾಗಳಂತಹ ಪಟ್ಟಣಗಳಲ್ಲಿ ಕಾರು ಅಲಂಕಾರದ ಅಂಗಡಿಗಳಿಗೆ ಕೊರತೆಯಿಲ್ಲ. ದುಡಿಮೆಗಾಗಿ ಗಡಿ ದಾಟುವ ನಮ್ಮ ಕಡೆಯ ಹುಡುಗರಿಗೆ ಗ್ಯಾರೇಜು, ಪೇಂಟಿಂಗ್, ಫೈಬರ್ ಕೆಲಸಗಳು ಹೊಸತಲ್ಲ. ಹಾಗಾಗಿ ಡಿಕ್ಕಿಯ ಪೆಟ್ಟಿಗೆಯ ಪ್ರಶ್ನೆ ಶೋಕಿಯ ಪ್ರಶ್ನೆಯಾಗಿ ಮಾತ್ರ ಉಳಿದಿಲ್ಲ. ನಿದ್ದೆಯ ಪ್ರಶ್ನೆ, ಕಾನೂನಿನ ಪ್ರಶ್ನೆ, ಅದಕ್ಕಿಂತ ಹೆಚ್ಚಾಗಿ ಹೊಟ್ಟೆಪಾಡಿನ ಪ್ರಶ್ನೆಯೂ ಅದರಲ್ಲಿದೆ.

ಪೆಟ್ಟಿಗೆ ಏಕೆ ಬೇಕು?

ಸ್ಪೀಕರಿನ ಕಾಗದದ ಕೋನ್ ಮುಂದಕ್ಕೆ ತಳ್ಳಿದಾಗ ಎದುರಿನ ಗಾಳಿ ಒತ್ತಲ್ಪಡುತ್ತದೆ, ಹಿಂದಿನ ಗಾಳಿ ಸಡಿಲವಾಗುತ್ತದೆ. ಈ ಎರಡು ಅಲೆಗಳು ಸೇರಿದರೆ ಒಂದನ್ನೊಂದು ನುಂಗಿಬಿಡುತ್ತವೆ. ಪೆಟ್ಟಿಗೆಯಿಲ್ಲದ ವೂಫರ್ ಎಷ್ಟೇ ದುಬಾರಿಯಾದರೂ ಸೊರಗಿದಂತೆ ಕೇಳುವುದು ಇದೇ ಕಾರಣಕ್ಕೆ. ಹಿಂದಿನ ಅಲೆಯನ್ನು ಕಟ್ಟಿಹಾಕುವುದೇ ಪೆಟ್ಟಿಗೆಯ ಕೆಲಸ.

ಗಾಳಿ ಆಡದಂತೆ ಮುಚ್ಚಿದ ಸಣ್ಣ ಪೆಟ್ಟಿಗೆಯಿಂದಲೂ ಆಳವಾದ ನಾದ ಬರಬಲ್ಲದು ಎಂದು 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ತೋರಿಸಿಕೊಟ್ಟರು. ಮುಂದೆ ಆಸ್ಟ್ರೇಲಿಯಾದ ನೆವಿಲ್ ಥೀಲ್ ಮತ್ತು ರಿಚರ್ಡ್ ಸ್ಮಾಲ್ ಯಾವ ಸ್ಪೀಕರಿಗೆ ಎಷ್ಟು ದೊಡ್ಡ ಪೆಟ್ಟಿಗೆ ಬೇಕೆಂಬುದಕ್ಕೆ ಲೆಕ್ಕ ಹಾಕಿಕೊಟ್ಟರು. ಸಾಮಾನ್ಯವಾಗಿ 12 ಇಂಚಿನ ವೂಫರಿಗೆ ಮುಚ್ಚಿದ ಪೆಟ್ಟಿಗೆಯಾದರೆ ಸುಮಾರು 30 ಲೀಟರ್ ಜಾಗ ಸಾಕು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಎರಡು ಕೊಡ ನೀರು ಹಿಡಿಯುವಷ್ಟು!

ಆದರೆ ಸಣ್ಣ ಕಾರಿನ ಡಿಕ್ಕಿಯಲ್ಲಿ ಚೌಕದ ಮರದ ಪೆಟ್ಟಿಗೆ ಇಟ್ಟರೆ ಸಾಮಾನಿಗೆ ಜಾಗವೆಲ್ಲಿ? ಇಲ್ಲಿಯೇ ಫೈಬರ್ ಗ್ಲಾಸ್ ಬರುತ್ತದೆ. ಚಕ್ರದ ಮೇಲಿನ ಉಬ್ಬಿನ ಪಕ್ಕ, ಯಾವುದಕ್ಕೂ ಬಾರದ ಮೂಲೆಯಲ್ಲಿ, ಆ ಮೂಲೆಯದೇ ಆಕಾರದಲ್ಲಿ ಪೆಟ್ಟಿಗೆ ಎರಕ ಹೊಯ್ದಂತೆ ಕೂರುತ್ತದೆ. ಬಾಗಿದ ಮೈ ಚಪ್ಪಟೆ ಹಲಗೆಗಿಂತ ಬಿಗಿಯಾಗಿರುತ್ತದೆ. ಜೊತೆಗೆ ಕರಾವಳಿಯ ಮಳೆಗಾಲದಲ್ಲಿ ಎಂಡಿಎಫ್ ಹಲಗೆ ತೇವ ಹೀರಿ ಉಬ್ಬುತ್ತದೆ. ಫೈಬರಿಗೆ ಆ ಚಿಂತೆಯಿಲ್ಲ.

ಕೈಯ ಕೆಲಸ, ಕಣ್ಣಿನ ಅಳತೆ

ಮೊದಲು ಡಿಕ್ಕಿಯ ಮೂಲೆಗೆ ಪೇಪರ್ ಟೇಪ್ ಅಂಟಿಸಿ, ಅದರ ಮೇಲೆ ಅಲ್ಯುಮಿನಿಯಂ ಹಾಳೆ ಹಾಸುತ್ತಾರೆ. ಇಲ್ಲದಿದ್ದರೆ ರೆಸಿನ್ ಕಾರಿನ ಮೈಗೇ ಕಚ್ಚಿಕೊಳ್ಳುತ್ತದೆ. ನಂತರ ಗಾಜಿನ ಎಳೆಗಳ ಮ್ಯಾಟನ್ನು ತುಂಡು ಮಾಡಿ ಇಟ್ಟು, ಪಾಲಿಯೆಸ್ಟರ್ ರೆಸಿನ್‌ಗೆ ಹಾರ್ಡ್ನರ್ ಬೆರೆಸಿ ಬ್ರಷ್ಷಿನಿಂದ ಕುಡಿಸುತ್ತಾರೆ. ಒಂದು ಕಿಲೋ ರೆಸಿನ್‌ಗೆ ಬೇಕಾಗುವ ಹಾರ್ಡ್ನರ್ ಕೇವಲ 10ರಿಂದ 20 ಗ್ರಾಂ. ಹೆಚ್ಚಾದರೆ ಡಬ್ಬದಲ್ಲಿಯೇ ಕಾದು ಹೊಗೆಯಾಡುತ್ತದೆ, ಕಡಿಮೆಯಾದರೆ ದಿನಗಟ್ಟಲೆ ಅಂಟಂಟು. ಜೂನ್-ಜುಲೈ ತಿಂಗಳ ತೇವದಲ್ಲಿ ಈ ಲೆಕ್ಕ ಇನ್ನೂ ಸೂಕ್ಷ್ಮ. ಪದರಗಳ ನಡುವೆ ಗಾಳಿ ಗುಳ್ಳೆ ಉಳಿಯದಂತೆ ರೋಲರ್ ಆಡಿಸಬೇಕು.

ಗಟ್ಟಿಯಾದ ಮೇಲೆ ಚಿಪ್ಪನ್ನು ಬಿಡಿಸಿ ತೆಗೆದು, ಸ್ಪೀಕರ್ ಕೂರುವ ಎಂಡಿಎಫ್ ಬಳೆಯನ್ನು ಸರಿಯಾದ ಕೋನದಲ್ಲಿ ನಿಲ್ಲಿಸಿ, ಮುಂಭಾಗಕ್ಕೆ ಬಟ್ಟೆ ಎಳೆದು ಕಟ್ಟಿ ಅದಕ್ಕೂ ರೆಸಿನ್ ಕುಡಿಸುತ್ತಾರೆ. ಒಳಗಿನಿಂದ ಮತ್ತೆ ಮ್ಯಾಟಿನ ಪದರಗಳು. ಆಮೇಲೆ ಪುಟ್ಟಿ, ಪಾಲಿಶ್ ಪೇಪರ್, ಬಣ್ಣ ಅಥವಾ ಕಾರ್ಪೆಟ್. ಒಳಗಿನ ಜಾಗ ಲೆಕ್ಕಕ್ಕೆ ಸರಿಯಿದೆಯೇ ಎಂದು ನೋಡಲು ಕೆಲವರು ಅಕ್ಕಿ ಅಥವಾ ಥರ್ಮೋಕೋಲ್ ಕಾಳು ತುಂಬಿ ಅಳೆಯುವುದೂ ಉಂಟು. ಪುಸ್ತಕ ಓದದ ಕೈಗಳು ಮಾಡುವ ಈ ಕೆಲಸ ಯಾವ ಇಂಜಿನಿಯರಿಂಗಿಗೂ ಕಡಿಮೆಯಲ್ಲ.

ಇನ್ನೊಂದು ಮಾತು. ಅಳತೆಗೆ ಸರಿಯಾದ ಪೆಟ್ಟಿಗೆಯಿದ್ದರೆ ಕಡಿಮೆ ಸದ್ದಿನಲ್ಲಿಯೇ ತಬಲಾ, ಘುಮಟೆಗಳ ತುಂಬುನಾದ ಕೇಳುತ್ತದೆ. ಕಿವಿ ಕಿತ್ತುಹೋಗುವಂತೆ ಸದ್ದು ಏರಿಸಬೇಕಾಗಿ ಬರುವುದು ಎಷ್ಟೋ ಸಲ ಕೆಟ್ಟ ಪೆಟ್ಟಿಗೆಯಲ್ಲಿಯೇ!

ಕಾನೂನು ಏನನ್ನುತ್ತದೆ?

ಪೆಟ್ಟಿಗೆ ಇಡುವುದೇ ಅಪರಾಧ ಎಂದು ಕೆಲವರು ಹೆದರಿಸುತ್ತಾರೆ, ಏನೂ ಆಗುವುದಿಲ್ಲ ಎಂದು ಇನ್ನು ಕೆಲವರು ಹುರಿದುಂಬಿಸುತ್ತಾರೆ. ಎರಡೂ ಪೂರ್ತಿ ಸತ್ಯವಲ್ಲ.

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನೋಡುವುದು ಆರ್‌ಸಿಯಲ್ಲಿರುವ ವಿವರಗಳನ್ನು. ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಬಿಗಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯ 182ಎ ಕಲಂ ಪ್ರಕಾರ ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ 5,000 ರೂ. ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ. ಬಿಚ್ಚಿ ತೆಗೆಯಬಹುದಾದ ಪೆಟ್ಟಿಗೆ ಡಿಕ್ಕಿಯಲ್ಲಿದ್ದ ಮಾತ್ರಕ್ಕೆ ಆರ್‌ಸಿ ವಿವರ ಬದಲಾಗದು. ಆದರೆ ಪೆಟ್ಟಿಗೆಗಾಗಿ ಹಿಂದಿನ ಸೀಟನ್ನೇ ಕಿತ್ತುಹಾಕಿದರೆ ಆಸನಗಳ ಸಂಖ್ಯೆ ಬೇರೆಯಾಯಿತಲ್ಲ!

ಇನ್ನು ಸದ್ದಿನ ಕಾನೂನು ಬೇರೆಯೇ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕವಷ್ಟೇ ಅಲ್ಲ, ಸದ್ದು ಹೊರಡಿಸುವ ಯಾವ ಉಪಕರಣವನ್ನೂ ಬಳಸುವಂತಿಲ್ಲ. ವಸತಿ ಪ್ರದೇಶದ ಮಿತಿ ಹಗಲು 55 ಡೆಸಿಬೆಲ್, ರಾತ್ರಿ 45. ಕಡಲ ತೀರದಲ್ಲಿ ಡಿಕ್ಕಿ ತೆರೆದು ಕುಣಿಯುವವರಿಗೂ ಇದೇ ನಿಯಮ. ನಿಯಮ ಮುರಿದರೆ ಪರಿಸರ ಸಂರಕ್ಷಣಾ ಕಾಯ್ದೆಯಡಿ ಮೊದಲು ಜೈಲಿನ ಭಯವಿತ್ತು. 2023ರ ಜನ ವಿಶ್ವಾಸ್ ಕಾಯ್ದೆಯ ನಂತರ ಜೈಲಿನ ಬದಲು 10,000 ರೂಪಾಯಿಯಿಂದ 15 ಲಕ್ಷದವರೆಗೆ ದಂಡ ಬಂದಿದೆ.

ಗೋವಾದಲ್ಲಿ ಅಂಜುಣ, ವಾಗಾತೋರ್ ಕಡೆಯ ರಾತ್ರಿ ಸಂಗೀತದ ಗಲಾಟೆ ಹೈಕೋರ್ಟ್ ಮೆಟ್ಟಿಲೇರಿದ್ದು ಎಲ್ಲರಿಗೂ ಗೊತ್ತು. ದೀಪಾವಳಿಯ ಹಿಂದಿನ ರಾತ್ರಿ ನರಕಾಸುರನ ಜೊತೆ ಬರುವ ಸದ್ದಿನ ಬಗ್ಗೆಯೂ ವರ್ಷ ವರ್ಷ ದೂರು ತಪ್ಪಿದ್ದಲ್ಲ. ದೊಡ್ಡ ಕ್ಲಬ್ಬಿನ ಸದ್ದಿಗೆ ಕೋರ್ಟಿದೆ, ಹಬ್ಬದ ಸದ್ದಿಗೆ ಒಂದೇ ರಾತ್ರಿಯ ಆಯುಷ್ಯ. ಓಡುವ ಕಾರಿನ ಸದ್ದನ್ನು ಯಾರು ಅಳೆಯಬೇಕು? ಪೊಲೀಸರು ಮೀಟರ್ ತೆಗೆಯುವಷ್ಟರಲ್ಲಿ ಕಾರು ರಾಜ್ಯವನ್ನೇ ದಾಟಿರುತ್ತದೆ. ಗಡಿಯೂರಿನವರ ಪಾಡು ಇದು.

ಮಾಲೀಕರ ಕಿವಿಯೂ ಕ್ಷೇಮವಿಲ್ಲ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಅಳತೆಯಂತೆ 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಾಳಿಕೊಳ್ಳಬಹುದು, 100 ಡೆಸಿಬೆಲ್ ಆದರೆ ಬರೀ 15 ನಿಮಿಷ. ವೈರಿಂಗಿನ ವಿಷಯವೂ ಇದೆ. ನಿಜವಾಗಿ 1,000 ವ್ಯಾಟ್ ಕೊಡುವ ಆಂಪ್ಲಿಫೈಯರ್ 12 ವೋಲ್ಟಿನಲ್ಲಿ 80 ಆಂಪಿಯರ್‌ಗೂ ಹೆಚ್ಚು ಎಳೆಯುತ್ತದೆ. ತೆಳು ವೈರ್ ಹಾಕಿ, ಬ್ಯಾಟರಿ ಹತ್ತಿರ ಫ್ಯೂಸ್ ಇಡದೆ ಬಿಟ್ಟರೆ ಬೆಂಕಿಗೆ ಆಹ್ವಾನ ಕೊಟ್ಟಂತೆಯೇ. ಹೊರಗಿನಿಂದ ಹಾಕಿಸಿದ ಇಂತಹ ಸಾಮಾನನ್ನು ವಿಮೆ ಕಂಪನಿಗೆ ಮೊದಲೇ ತಿಳಿಸಿ, ಹೆಚ್ಚುವರಿ ಪ್ರೀಮಿಯಂ ಕಟ್ಟಿರದಿದ್ದರೆ ಕಳ್ಳತನವಾದಾಗ ಅದರ ಬೆಲೆ ಕೇಳುವಂತಿಲ್ಲ.

ಉಸಿರಿನ ಬೆಲೆ ಎಷ್ಟು?

ಇಷ್ಟೆಲ್ಲ ಚರ್ಚೆಯಲ್ಲಿ ಒಬ್ಬನನ್ನು ಎಲ್ಲರೂ ಮರೆಯುತ್ತಾರೆ. ಪೆಟ್ಟಿಗೆ ಮಾಡಿದವನನ್ನು!

ಫೈಬರ್ ಅಂಗಡಿಯ ಮುಂದೆ ಹಾದುಹೋದರೆ ಮೂಗಿಗೆ ಬಡಿಯುವ ಘಾಟು ಸ್ಟೈರಿನ್‌ನದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆ 2018ರಲ್ಲಿ ಇದನ್ನು ಬಹುಶಃ ಕ್ಯಾನ್ಸರ್‌ಕಾರಕ ಎಂಬ ಪಟ್ಟಿಗೆ ಸೇರಿಸಿತು. ಹಾರ್ಡ್ನರ್ ಹನಿ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು. ಹಾರ್ಡ್ನರನ್ನೂ ಕೋಬಾಲ್ಟನ್ನೂ ನೇರವಾಗಿ ಬೆರೆಸಿದರೆ ಸಿಡಿಯುತ್ತದೆ. ಉಜ್ಜುವಾಗ ಏಳುವ ಗಾಜಿನ ಧೂಳು ಚರ್ಮಕ್ಕೆ ತುರಿಕೆ, ಗಂಟಲಿಗೆ ಕೆರೆತ. ಇದಕ್ಕೆ ಬೇಕಾದ್ದು ಇದ್ದಿಲಿನ ಡಬ್ಬಿಯಿರುವ ಮಾಸ್ಕ್, ಕನ್ನಡಕ, ಕೈಗವಸು ಮತ್ತು ಎರಡೂ ಕಡೆ ಗಾಳಿ ಆಡುವ ಜಾಗ. ಮುಖಕ್ಕೆ ಕಟ್ಟಿದ ಕರವಸ್ತ್ರ ಧೂಳನ್ನಾದರೂ ಸ್ವಲ್ಪ ತಡೆದೀತು, ಆವಿಯನ್ನು ತಡೆಯದು.

2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿ ವಿದ್ಯುತ್ ಬಳಸುವ ಕಡೆ 20 ಕೆಲಸಗಾರರಿದ್ದರೆ ಮಾತ್ರ ಅದು ಕಾರ್ಖಾನೆ. ಹಳೆಯ ಕಾಯ್ದೆಯಲ್ಲಿ ಇದು 10 ಇತ್ತು. ಮೂರು-ನಾಲ್ಕು ಹುಡುಗರ ಅಂಗಡಿ ಆಗಲೂ ಲೆಕ್ಕಕ್ಕಿರಲಿಲ್ಲ, ಈಗಲೂ ಇಲ್ಲ. ಪರರಾಜ್ಯದಿಂದ ಬಂದ ಹುಡುಗನಿಗೆ ಕೆಮ್ಮು ಬಂದರೆ ಊರಿಗೆ ಕಳಿಸುತ್ತಾರೆ. ಲೆಕ್ಕ ಅಲ್ಲಿಗೆ ಮುಗಿಯಿತು.

ಅದೇ ಕೈ, ಬೇರೆ ದಾರಿ

ಹಾಗೆಂದು ಈ ಕಸುಬನ್ನೇ ಬಿಡಬೇಕೇ? ಬೇಡ. ಇದೇ ಮ್ಯಾಟು, ಇದೇ ಬಗೆಯ ರೆಸಿನ್ ಕೆಲಸದಿಂದ ಗೋವಾ ದೋಣಿಗಳನ್ನೂ ಕಟ್ಟುತ್ತದೆ. ಮಾಂಡವಿ ನದಿಯ ದಿವಾರ್ ದ್ವೀಪದ ಅಕ್ವೇರಿಯಸ್ ಶಿಪ್‌ಯಾರ್ಡ್ ಮರ ಮತ್ತು ಫೈಬರ್ ಬಳಸಿ ಕಟ್ಟಿದ ಹಾಯಿ ಹಡಗು 'ತಾರಿಣಿ' 2017ರ ಫೆಬ್ರವರಿಯಲ್ಲಿ ನೌಕಾಪಡೆ ಸೇರಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ಗೋವಾದಿಂದ ಹೊರಟ ಆರು ಮಂದಿ ಮಹಿಳಾ ಅಧಿಕಾರಿಗಳು ಅದರಲ್ಲಿ ಭೂಮಿಯನ್ನು ಸುತ್ತಿ 2018ರ ಮೇ ತಿಂಗಳಲ್ಲಿ ಮರಳಿದರು. ಕಾರವಾರದ ಮೀನುಗಾರರಿಗೂ ಫೈಬರ್ ದೋಣಿ ಹೊಸತಲ್ಲ. ಅದು ಒಡೆದಾಗ ತೇಪೆ ಹಾಕಲು ಇಂಥದೇ ಕೈ ಬೇಕು.

ಈಗಿನ ಹೊಸ ಕಾರುಗಳು ಕಂಪನಿಯಿಂದಲೇ ಒಳ್ಳೆಯ ಸ್ಪೀಕರ್ ಹೊತ್ತು ಬರುತ್ತಿವೆ. ಸಿಎನ್‌ಜಿ ಕಾರಾದರೆ ಡಿಕ್ಕಿಯಲ್ಲಿ ಸಿಲಿಂಡರ್ ಕುಳಿತಿರುತ್ತದೆ, ಪೆಟ್ಟಿಗೆಗೆ ಜಾಗವೇ ಕಡಿಮೆ. ಡಿಕ್ಕಿಯೊಂದನ್ನೇ ನಂಬಿ ಕುಳಿತ ಹುಡುಗನಿಗೆ ಇದು ಎಚ್ಚರಿಕೆ. ಗಡಿಯ ಎರಡೂ ಕಡೆಯ ಐಟಿಐಗಳು ಕೆಲವು ವಾರಗಳ ಫೈಬರ್ ತರಬೇತಿ ಕೊಟ್ಟು, ಅಪಾಯದ ಪಾಠವನ್ನೂ ಸೇರಿಸಿದರೆ ಈ ಕೈಗಳಿಗೆ ದೋಣಿ, ನೀರಿನ ಟ್ಯಾಂಕು, ಬಸ್ಸಿನ ಬಾಡಿ ಹೀಗೆ ಹತ್ತು ದಾರಿಗಳಿವೆ. ಅಂಗಡಿಯವರು ಮಾಸ್ಕ್ ಕೊಡುವುದಕ್ಕೆ ಯಾವ ಕಾಯ್ದೆಗೂ ಕಾಯಬೇಕಿಲ್ಲ. ಗಿರಾಕಿಯೂ ಪೆಟ್ಟಿಗೆಗೆ ಅಡ್ವಾನ್ಸ್ ಕೊಡುವಾಗ 'ಹುಡುಗನಿಗೆ ಮಾಸ್ಕ್ ಎಲ್ಲಿ?' ಎಂದು ಒಂದು ಮಾತು ಕೇಳಬಹುದಲ್ಲವೇ?

ಒಟ್ಟಿನಲ್ಲಿ, ಪೆಟ್ಟಿಗೆ ಯಾರ ನಿದ್ದೆಯನ್ನೂ ಕೆಡಿಸಿಲ್ಲ. ಕೆಡಿಸಿದ್ದು ರಾತ್ರಿ ಹತ್ತರ ಮೇಲೆ ಡಿಕ್ಕಿ ತೆರೆದು ಗುಂಡಿ ತಿರುಗಿಸಿದ ಕೈ. ಅದನ್ನು ತಡೆಯಲು ಕಾನೂನು ಈಗಾಗಲೇ ಇದೆ, ಜಾರಿ ಮಾಡುವ ಮನಸ್ಸು ಬೇಕಷ್ಟೇ. ಪೆಟ್ಟಿಗೆ ಮಾಡಿದ ಕೈಯನ್ನು ಉಳಿಸುವ ಕಾನೂನು ಮಾತ್ರ ಇನ್ನೂ ಅವನ ಅಂಗಡಿಯ ಬಾಗಿಲಿಗೆ ಬಂದಿಲ್ಲ.