ಮೊದಲು ಬ್ರೇಕು, ಆಮೇಲೆ ಬಣ್ಣ

ಎರಡು ವರ್ಷದ ಹಿಂದೆ ನಾವು ಇಲ್ಲೇ ಒಂದು ಜೀಪಿನ ಬಗ್ಗೆ ಬರೆದಿದ್ದೆವು. ಮಲೆನಾಡಿನ ಹುಡುಗನೊಬ್ಬ ಅಜ್ಜನ ಕಾಲದ, 1968ರ ಹೈ ಬಾನೆಟ್ ಜೀಪನ್ನು ಮನೆಯ ಕೊಟ್ಟಿಗೆಯಲ್ಲೇ ಬಿಚ್ಚಿ, ಜೋಡಿಸಿ, ಹಸಿರು ಬಣ್ಣ ಹೊಡೆಸಿ, 31 ಇಂಚಿನ ಟೈರು ಹಾಕಿಸಿ ಅಂಗಳದಲ್ಲಿ ನಿಲ್ಲಿಸಿದ್ದ. ಫೋಟೊಗಳು ಚೆನ್ನಾಗಿ ಬಂದಿದ್ದವು. ಹಳ್ಳಿಯ ಹುಡುಗನ ಕೈಚಳಕ ಅಂತ ನಾವೂ ನಾಲ್ಕು ಒಳ್ಳೆಯ ಮಾತು ಬರೆದೆವು. ನೀವೂ ಮೆಚ್ಚಿ ಹಂಚಿಕೊಂಡಿರಿ. ಗ್ರಾಮೀಣ ಪತ್ರಿಕೋದ್ಯಮ ಓದಿದ ನಾವು ನಾಲ್ಕು ಜನ ಅವತ್ತು ಆ ಅಂಗಳದಲ್ಲಿದ್ದೆವು. ಬಣ್ಣಕ್ಕೆ ಎಷ್ಟಾಯ್ತು, ಟೈರು ಎಲ್ಲಿಂದ ತಂದೆ, ಲೈಟು ಎಷ್ಟು ವ್ಯಾಟ್ ಅಂತೆಲ್ಲ ಕೇಳಿದೆವು. ಬ್ರೇಕು ಹೇಗಿದೆ ಅಂತ ಒಬ್ಬರೂ ಕೇಳಲಿಲ್ಲ.

ಕಳೆದ ಅಡಿಕೆ ಕೊಯ್ಲಿನ ಸಮಯದಲ್ಲಿ ಅದೇ ಜೀಪು ಹಿಂದೆ ಐದು ಜನ ಕೆಲಸದವರನ್ನು ಕೂರಿಸಿಕೊಂಡು ತೋಟದಿಂದ ಬರುತ್ತಿತ್ತು. ಹಳ್ಳ ದಾಟಿ, ಏರು ಹತ್ತಿ, ಇಳಿಜಾರಿಗೆ ಬಂದಾಗ ಬ್ರೇಕಿನ ಪೆಡಲ್ಲು ಒಂದೇ ಸಲಕ್ಕೆ ತಳ ಮುಟ್ಟಿತು. ಹುಡುಗ ಹ್ಯಾಂಡ್ ಬ್ರೇಕು ಎಳೆದ. ಅದೂ ಹಿಡಿಯಲಿಲ್ಲ. ಕೊನೆಗೆ ಜೀಪನ್ನು ದರೆಗೆ ಗುದ್ದಿಸಿ ನಿಲ್ಲಿಸಿದ. ಒಬ್ಬ ಹೆಂಗಸಿನ ಮಣಿಕಟ್ಟು ಮುರಿಯಿತು. ಇನ್ನೊಂದು ಬದಿಗೆ ಹೋಗಿದ್ದರೆ ನಲವತ್ತು ಅಡಿ ಕೆಳಗೆ ಹಳ್ಳ.

ಆ ಸುದ್ದಿ ಕೇಳಿದ ದಿನ ನಮ್ಮ ಹಳೆಯ ಬರಹ ತೆಗೆದು ಓದಿದೆವು. ನಾಚಿಕೆಯಾಯಿತು. ಈ ಬರಹ ಆ ನಾಚಿಕೆಯಿಂದ ಹುಟ್ಟಿದ್ದು. ನಾವು ಹೇಳಬೇಕಾದ್ದು ಇಷ್ಟು: ಜೀಪು ಉಳಿಸುವುದು ಅಂದರೆ ಅದರ ದುಡಿಯುವ ಶಕ್ತಿ ಉಳಿಸುವುದು. ಬಣ್ಣ, ಟೈರು, ಲೈಟಿನಿಂದ ಶುರುವಾಗಿ ಅಲ್ಲಿಗೇ ಮುಗಿಯುವ ಕೆಲಸಕ್ಕೆ ರಿಸ್ಟೋರೇಶನ್ ಅಂತ ಹೆಸರಿಡುವುದನ್ನು ನಾವೆಲ್ಲ ನಿಲ್ಲಿಸಬೇಕು. ಹೊಗಳಿ ಬರೆಯುವ ನಮ್ಮಂಥವರು ಮೊದಲು ನಿಲ್ಲಿಸಬೇಕು.

ಈ ಗಾಡಿ ಎಲ್ಲಿಂದ ಬಂತು ಅನ್ನುವುದನ್ನು ಸ್ವಲ್ಪ ನೆನಪಿಸಿಕೊಳ್ಳೋಣ. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಸೈನ್ಯಕ್ಕಾಗಿ ತಯಾರಾದದ್ದು ವಿಲ್ಲಿಸ್ ಜೀಪು. ಯುದ್ಧ ಮುಗಿದ ಮೇಲೆ ವಿಲ್ಲಿಸ್ ಕಂಪನಿ ಅದನ್ನೇ ಸ್ವಲ್ಪ ಬದಲಿಸಿ ರೈತರಿಗೆ ಮಾರಿತು. ಭಾರತದಲ್ಲಿ ಮಹೀಂದ್ರ ಕಂಪನಿ 1940ರ ದಶಕದ ಕೊನೆಯ ಹೊತ್ತಿಗೆ ಮುಂಬಯಿಯಲ್ಲಿ ಜೀಪು ಜೋಡಿಸತೊಡಗಿತು. ನಾವು ಹೈ ಬಾನೆಟ್ ಅನ್ನುವುದು 1953ರಲ್ಲಿ ವಿಲ್ಲಿಸ್ ಹೊರತಂದ ಸಿಜೆ-3ಬಿ ಮಾದರಿಯನ್ನು. ಅದರ ಎಂಜಿನ್ ಹಿಂದಿನದಕ್ಕಿಂತ ಎತ್ತರವಿತ್ತು, ಹಾಗಾಗಿ ಬಾನೆಟ್ಟೂ ಎತ್ತರವಾಯಿತು. ಸ್ಟೀರಿಂಗ್ ಎಡಗಡೆ ಇದ್ದ ಕಾರಣ ಹಿಂಬದಿಯ ಬಾಗಿಲ ಮೇಲೆ ‘ಲೆಫ್ಟ್ ಹ್ಯಾಂಡ್ ಡ್ರೈವ್’ ಅಂತ ಬರೆಸಿರುತ್ತಿದ್ದರು. ಆ ಅಕ್ಷರ ನೋಡಿಯೇ ಇಂಥವರ ಮನೆ ಜೀಪು ಅಂತ ಗುರುತಿಸುವವರು ನಮ್ಮ ಊರುಗಳಲ್ಲಿ ಈಗಲೂ ಇದ್ದಾರೆ.

ಮಲೆನಾಡಿನಲ್ಲಿ, ಕೊಡಗಿನಲ್ಲಿ ಜೀಪು ಯಾವತ್ತೂ ಶೋಕಿಯಾಗಿರಲಿಲ್ಲ. ಅಡಿಕೆ, ಕಾಫಿ, ಮೆಣಸು, ಗೊಬ್ಬರ, ಹೆರಿಗೆ ನೋವಿನ ಹೆಂಗಸು, ಹಾವು ಕಚ್ಚಿದವನು, ಶಾಲೆ ಮಕ್ಕಳು, ಎಲ್ಲವನ್ನೂ ಹೊತ್ತದ್ದು ಅದೇ. ಕೊಡಚಾದ್ರಿಗೆ, ಮಾಂದಲಪಟ್ಟಿಗೆ ಪ್ರವಾಸಿಗರನ್ನು ಹತ್ತಿಸುವುದು ಇವತ್ತಿಗೂ ಜೀಪೇ. ಇಂಥ ಗಾಡಿಯನ್ನು ದಿಬ್ಬಣದ ಕುದುರೆ ಮಾಡಲು ಹೊರಟರೆ ಏನಾಗುತ್ತದೆ ಅನ್ನುವುದಕ್ಕೆ ಆ ದರೆಯ ಮೇಲಿನ ಗೀರೇ ಸಾಕ್ಷಿ.

ಅಪಘಾತ ಆದ ಮೇಲೆ ಪ್ರತಿ ಭಾನುವಾರ ಆ ಕೊಟ್ಟಿಗೆಗೆ ಹೋದೆವು. ಪೇಟೆಯ ಗ್ಯಾರೇಜಿನ ಹಿರಿಯ ಮೇಸ್ತ್ರಿಯೊಬ್ಬರು ಬಂದು ಒಂದೊಂದೇ ಚಕ್ರ ಬಿಚ್ಚಿ ತೋರಿಸಿದರು. ಹಿಂದಿನ ಆಕ್ಸಲ್ಲಿಗೆ ಹೋಗುವ ರಬ್ಬರಿನ ಬ್ರೇಕ್ ಹೋಸು ಉಬ್ಬಿ ಒಡೆದಿತ್ತು. ಹಳೇ ಜೀಪಿನಲ್ಲಿ ನಾಲ್ಕೂ ಚಕ್ರಕ್ಕೆ ಬ್ರೇಕ್ ಆಯಿಲ್ ಹೋಗುವುದು ಒಂದೇ ದಾರಿಯಲ್ಲಿ. ಎಲ್ಲಿ ಒಂದು ಕಡೆ ಸೋರಿದರೂ ನಾಲ್ಕೂ ಚಕ್ರದ ಬ್ರೇಕು ಹೋಯಿತು ಅಂತಲೇ ಲೆಕ್ಕ. ಹ್ಯಾಂಡ್ ಬ್ರೇಕಿನ ಕಥೆ ಇನ್ನೊಂದು. ಈ ಜೀಪುಗಳಲ್ಲಿ ಅದು ಚಕ್ರದಲ್ಲಿ ಇರುವುದಿಲ್ಲ, ಗೇರ್‌ಬಾಕ್ಸಿನ ಹಿಂದಿನ ಟ್ರಾನ್ಸ್‌ಫರ್ ಕೇಸಿನ ಹಿಂಭಾಗದ ಡ್ರಮ್ಮಿನಲ್ಲಿ ಇರುತ್ತದೆ. ಅಲ್ಲಿನ ಆಯಿಲ್ ಸೀಲು ಸವೆದು, ಎಣ್ಣೆ ಸೋರಿ, ಲೈನಿಂಗು ಎಣ್ಣೆಯಲ್ಲಿ ನೆಂದು ಹೋಗಿತ್ತು. ಮುಂದಿನ ಎಡಗಡೆ ಡ್ರಮ್ಮಿನ ಒಳಗೆ ಗ್ರೀಸು. ಚಾಸಿಯಲ್ಲಿ ಎರಡು ಕಡೆ ತುಕ್ಕು ತಿಂದ ತೂತಿನ ಮೇಲೆ ಪುಟ್ಟಿ ಮೆತ್ತಿ, ಅದರ ಮೇಲೆ ನಾವು ಫೋಟೊ ತೆಗೆದಿದ್ದ ಆ ಚೆಂದದ ಹಸಿರು ಬಣ್ಣ.

ಒಡೆದ ಹೋಸಿನ ಬೆಲೆ ಕೆಲವು ನೂರು ರೂಪಾಯಿ. ಬಣ್ಣ, ಟೈರು, ಲೈಟಿಗೆ ಆದದ್ದು ಒಂದು ಲಕ್ಷದ ಮೇಲೆ.

ಮೇಸ್ತ್ರಿ ಬೈಯಲಿಲ್ಲ. "ಮುಖಕ್ಕೆ ಪೌಡರ್ ಹಚ್ಚಿದ್ದೀರಿ ಮಾರಾಯ್ರೆ, ಮದುವೆ ಮನೆಗೆ ಕರ್ಕೊಂಡ್ ಹೋಗ್ಬಹುದು. ಗುಡ್ಡ ಇಳಿಸೋಕಾಗಲ್ಲ" ಅಂದರು.

ಇನ್ನು ಟೈರಿನ ವಿಚಾರ. ಈ ಜೀಪಿಗೆ ಕಂಪನಿ ಕೊಟ್ಟದ್ದು 6.00-16 ಟೈರು, ಎತ್ತರ ಸುಮಾರು 28 ಇಂಚು. ಅದರ ಜಾಗಕ್ಕೆ 31 ಇಂಚಿನದು ಹಾಕಿದರೆ ಮೂರೇ ಇಂಚು ತಾನೇ ಅನ್ನಿಸುತ್ತದೆ. ಲೆಕ್ಕ ಹಾಕಿ ನೋಡಿ. ಡ್ರಮ್ಮು ಅದೇ, ಬ್ರೇಕ್ ಶೂ ಅದೇ, ಚಕ್ರ ಮಾತ್ರ ದೊಡ್ಡದು. ಅದೇ ಬಲದಿಂದ ಪೆಡಲ್ ಒತ್ತಿದರೂ ನೆಲದ ಮೇಲೆ ಸಿಗುವ ಹಿಡಿತ ಸುಮಾರು ಹತ್ತರಲ್ಲಿ ಒಂದು ಪಾಲು ಕಡಿಮೆ. ಸ್ಪೀಡೋಮೀಟರು 60 ತೋರಿಸುವಾಗ ಗಾಡಿ ಓಡುತ್ತಿರುವುದು 66ರಲ್ಲಿ. ಆ ಆರು ಕಿಲೋಮೀಟರಿಗೆ ನಿಲ್ಲಿಸಬೇಕಾದ ಶಕ್ತಿ ಐದನೇ ಒಂದು ಪಾಲಿನಷ್ಟು ಏರುತ್ತದೆ. ಏರಿನಲ್ಲಿ ಎಂಜಿನ್ನಿನ ಎಳೆತವೂ ಸುಮಾರು ಹತ್ತರಲ್ಲಿ ಒಂದು ಪಾಲು ಇಳಿಯುತ್ತದೆ. ಗುಡ್ಡ ಹತ್ತಲಿ ಅಂತ ಹಾಕಿದ ಟೈರು ಗುಡ್ಡ ಹತ್ತುವುದನ್ನೇ ಕಷ್ಟ ಮಾಡುತ್ತದೆ. ಟೈರು ಮುಟ್ಟದಿರಲಿ ಅಂತ ಪ್ಲೇಟು ಸೆಟ್ಟಿನ ಕೆಳಗೆ ತುಂಡು ಇಟ್ಟು ಬಾಡಿ ಎತ್ತಿದರೆ ಗಾಡಿಯ ಭಾರ ಮೇಲಕ್ಕೆ ಹೋಗಿ, ತಿರುವಿನಲ್ಲಿ ಮಗುಚುವ ಅಪಾಯ ಹೆಚ್ಚು. ಫ್ಯೂಸು, ರಿಲೇ ಇಲ್ಲದೆ ಹಳೇ ವೈರಿಗೇ ನಾಲ್ಕು ದೊಡ್ಡ ಲೈಟು ಜೋಡಿಸಿದರೆ ಒಂದು ರಾತ್ರಿ ಸ್ವಿಚ್ಚು ಕರಗಿ ಹೊಗೆ ಬರುತ್ತದೆ. ಫೋನಿನಲ್ಲಿ ನಾವು ನೋಡುವ ‘ಮೊದಲು ಹೀಗಿತ್ತು, ಈಗ ಹೀಗಿದೆ’ ವಿಡಿಯೊಗಳಲ್ಲಿ ಈ ಲೆಕ್ಕವನ್ನು ಹೇಳಿದವರು ನಮಗೆ ಸಿಕ್ಕಿಲ್ಲ.

ಹಾಗಾದರೆ ಮನೆಯಲ್ಲಿ ಜೀಪು ಬಿಚ್ಚುವುದೇ ತಪ್ಪೇ? ಖಂಡಿತ ಅಲ್ಲ. ಆ ಕೊಟ್ಟಿಗೆಯಲ್ಲಿ ನಾವು ಕಲಿತದ್ದು ಇದಕ್ಕೆ ವಿರುದ್ಧವಾದ ಪಾಠ. ಒಂದು ಜಾಕಿ, ಸ್ಪ್ಯಾನರ್ ಸೆಟ್ಟು, ಗ್ರೀಸ್ ಗನ್ನು, ತಿಳಿದವರು ಒಬ್ಬರು, ಅವಸರ ಇಲ್ಲದ ನಾಲ್ಕು ತಿಂಗಳು. ಇಷ್ಟಿದ್ದರೆ ಈ ಗಾಡಿಯ ಬಹುಪಾಲು ಕೆಲಸವನ್ನು ಹಳ್ಳಿಯಲ್ಲೇ ಮಾಡಬಹುದು. ಲೇತಿನ ಕೆಲಸಕ್ಕೆ, ಚಾಸಿಯ ವೆಲ್ಡಿಂಗಿಗೆ ಮಾತ್ರ ಪೇಟೆಗೆ ಹೋದೆವು. ಮುಖ್ಯವಾದದ್ದು ಕೆಲಸದ ಸರದಿ. ಮೊದಲು ಚಾಸಿ. ತುಕ್ಕು ತಿಂದ ಜಾಗ ಕತ್ತರಿಸಿ ಹೊಸ ಶೀಟು ಕೂರಿಸಬೇಕು, ಚಾಸಿ ನಂಬರ್ ಇರುವಲ್ಲಿ ಗ್ರೈಂಡರ್ ತಾಗಿಸಬಾರದು. ಎರಡನೆಯದು ಬ್ರೇಕು: ಹೋಸು, ಪೈಪು, ವೀಲ್ ಸಿಲಿಂಡರು, ಶೂ, ಸೀಲು. ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಿಸಬೇಕು, ಅದು ಗಾಳಿಯ ತೇವ ಹೀರುತ್ತದೆ. ಹಳ್ಳ ದಾಟಿದ ಮೇಲೆ ಪೆಡಲ್ಲನ್ನು ಎರಡು ಮೂರು ಸಲ ಮೆಲ್ಲಗೆ ಒತ್ತಿ ಡ್ರಮ್ಮು ಒಣಗಿಸಬೇಕು. ಮೂರನೆಯದು ಸ್ಟೀರಿಂಗು, ನಾಲ್ಕನೆಯದು ವೈರಿಂಗು. ಎಂಜಿನ್ ಆಮೇಲೆ. ಬಣ್ಣ ಎಲ್ಲಕ್ಕಿಂತ ಕೊನೆಗೆ, ದುಡ್ಡು ಉಳಿದರೆ.

ಈಗ ಸರ್ಕಾರದ ಕಡೆ ತಿರುಗೋಣ. ತಪ್ಪೆಲ್ಲ ಹುಡುಗರದ್ದೇ ಅಂದರೆ ಅರ್ಧ ಸತ್ಯವಾದೀತು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿಯ ಬದಲಾವಣೆಗೆ ಕಡಿವಾಣ ಹಾಕುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದ ಪ್ರಕರಣವೊಂದರಲ್ಲಿ, ತಯಾರಕರು ಕೊಟ್ಟ ಮೂಲ ವಿವರ ಬದಲಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ ಅಂತ ಹೇಳಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಉದ್ದೇಶ ಸರಿಯೇ. ಆದರೆ ಒಂದೇ ದಾರಿಯ ಬ್ರೇಕನ್ನು ಎರಡು ದಾರಿಯದ್ದಾಗಿ ಮಾಡಿಸಿದರೆ, ಹಿಂದೆ ಕೂರುವವರಿಗೆ ಸೀಟ್ ಬೆಲ್ಟು ಹಾಕಿಸಿದರೆ, ಅದು ಸುರಕ್ಷೆಯೋ ಅಪರಾಧವೋ? ಈ ಪ್ರಶ್ನೆ ಹಿಡಿದು ನಾವು ಒಂದು ಕಚೇರಿಗೆ ಹೋದೆವು. "ಹಳೇ ಗಾಡಿ ಯಾಕೆ ಇಟ್ಕೊಂಡಿದ್ದೀರಿ?" ಅಂತ ಅಲ್ಲಿಯವರು ನಮ್ಮನ್ನೇ ಕೇಳಿದರು.

ಹದಿನೈದು ವರ್ಷ ದಾಟಿದ ಖಾಸಗಿ ಗಾಡಿಯ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಲ್ಲಿ 5,000 ಆಯಿತು. ಆ ದುಡ್ಡಿಗೆ ಒಂದು ಚಕ್ರವನ್ನಾದರೂ ಬಿಚ್ಚಿ ನೋಡುತ್ತಾರಾ? ಈ ಜೀಪಿನ ನವೀಕರಣದ ದಿನ ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರು, ಹಾರ್ನು ಒತ್ತಿಸಿದರು, ಮುಗಿಯಿತು. ಅದೇ ಚಾಸಿಯ ಎರಡಡಿ ಆಚೆ ಪುಟ್ಟಿಯಿತ್ತು.

2021ರಲ್ಲಿ ವಿಂಟೇಜ್ ವಾಹನಗಳಿಗೆ ಬೇರೆ ನಿಯಮ ಬಂತು. ಐವತ್ತು ವರ್ಷ ದಾಟಿರಬೇಕು, ಮೂಲ ರೂಪದಲ್ಲಿರಬೇಕು, ಹೊಸ ನೋಂದಣಿಗೆ 20,000 ರೂಪಾಯಿ. ನಮ್ಮ ಜೀಪಿಗೆ ವಯಸ್ಸು ಆಗಿದೆ. ಆದರೆ ಹುಡುಗನ ತಂದೆಯ ಕಾಲದಲ್ಲೇ ಪೆಟ್ರೋಲ್ ಎಂಜಿನ್ ಹೋಗಿ ಡೀಸೆಲ್ ಎಂಜಿನ್ ಬಂದಿದೆ, ಆರ್‌ಸಿ ಪುಸ್ತಕದಲ್ಲಿ ಅವತ್ತೇ ನಮೂದಾಗಿದೆ. ಹಾಗಾಗಿ ಅದು ಮೂಲ ರೂಪವಲ್ಲ. ಆಗಿದ್ದರೂ ವಿಂಟೇಜ್ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಅಂದರೆ ಕಾನೂನಿನ ಕಣ್ಣಿಗೆ ಪ್ರದರ್ಶನಕ್ಕೆ ನಿಂತ ಹಳೇ ಜೀಪು ಪರಂಪರೆ, ಗೊಬ್ಬರ ಹೊರುವ ಹಳೇ ಜೀಪು ತಲೆನೋವು.

ಎರಡು ಆಕ್ಷೇಪ ಬರುತ್ತವೆ ಅಂತ ಗೊತ್ತು. ನನ್ನ ಜೀಪು, ನನ್ನ ದುಡ್ಡು, ನನ್ನಿಷ್ಟ ಅನ್ನುವುದು ಒಂದು. ಹಿಂದೆ ಕೂತವರ ಕೈಕಾಲು ನಿಮ್ಮದಲ್ಲ ಸ್ವಾಮಿ. ಮಣಿಕಟ್ಟು ಮುರಿದ ಆ ಹೆಂಗಸಿಗೆ ಎರಡು ತಿಂಗಳು ಕೂಲಿ ಇರಲಿಲ್ಲ, ಅದೂ ಕೊಯ್ಲಿನ ಎರಡು ತಿಂಗಳು. ಎರಡನೆಯದು, ಹೊಗೆ ಉಗುಳುವ ಹಳೇ ಗಾಡಿ ಗುಜರಿಗೆ ಹೋಗಲಿ ಅನ್ನುವುದು. ಹೊಗೆಯ ಮಾತು ನಿಜ. ಎಮಿಶನ್ ಪರೀಕ್ಷೆಯಲ್ಲಿ ಪಾಸಾಗದ ಗಾಡಿ ರಸ್ತೆಗೆ ಬರಬಾರದು, ಅದರಲ್ಲಿ ರಿಯಾಯಿತಿ ಕೇಳುವುದಿಲ್ಲ. ಆದರೆ ಹೊಸ ಫೋರ್ ವೀಲ್ ಗಾಡಿಗೆ ಹತ್ತು ಲಕ್ಷದ ಮೇಲೆ ಕೊಡಲು ಎರಡು ಎಕರೆ ತೋಟದವರಿಗೆ ಆಗುವುದಿಲ್ಲ. ಮಳೆಗಾಲದ ನಡುರಾತ್ರಿ ಅದು ನಿಂತರೆ ಕಂಪ್ಯೂಟರ್ ಹಚ್ಚಿ ನೋಡುವವರು ಊರಿನಲ್ಲಿ ಇಲ್ಲ. ಹಳೇ ಜೀಪು ನಿಂತರೆ ಟಾರ್ಚು ಹಿಡಿದು ಸರಿ ಮಾಡುವವರು ಇದ್ದಾರೆ. ಅವರೂ ಈಗ ಕಡಿಮೆಯಾಗುತ್ತಿದ್ದಾರೆ.

ಹಾಗಾಗಿ ನಮ್ಮ ಒತ್ತಾಯ ನೇರವಾದದ್ದು. ಹಳೇ ಜೀಪುಗಳ ನವೀಕರಣದ ದಿನ ಬ್ರೇಕು, ಸ್ಟೀರಿಂಗು, ಚಾಸಿಯನ್ನು ನಿಜವಾಗಿ ಪರೀಕ್ಷೆ ಮಾಡಲಿ. ಆ ಪರೀಕ್ಷೆ ತಾಲ್ಲೂಕಿನಲ್ಲೇ ಆಗಲಿ. ಸುರಕ್ಷೆ ಹೆಚ್ಚಿಸುವ ಬದಲಾವಣೆ ಯಾವುದು ಅಂತ ಪಟ್ಟಿ ಮಾಡಿ, ನೋಡಿ, ಆರ್‌ಸಿಯಲ್ಲಿ ನಮೂದಿಸಲಿ. ಟೈರು ದೊಡ್ಡದು ಮಾಡಿ ಬಾಡಿ ಎತ್ತಿದವರನ್ನು ವಾಪಸು ಕಳಿಸಲಿ, ನಮ್ಮದೇನೂ ತಕರಾರಿಲ್ಲ. ಜೀಪು ಬಿಚ್ಚಲು ಹೊರಟ ಗೆಳೆಯರೇ, ನೀವು ಮೊದಲ ಸಾವಿರ ರೂಪಾಯಿಯನ್ನು ಬ್ರೇಕಿಗೆ ಖರ್ಚು ಮಾಡಿ. ಫೋಟೊ ಹಾಕುವುದಾದರೆ ಬಿಚ್ಚಿದ ಡ್ರಮ್ಮಿನ ಫೋಟೊವನ್ನೂ ಹಾಕಿ. ನಾವೂ ಇನ್ನು ಮುಂದೆ ಅದನ್ನು ನೋಡದೆ ಯಾವ ಜೀಪಿನ ಬಗ್ಗೆಯೂ ಬರೆಯುವುದಿಲ್ಲ.

ಆ ಜೀಪು ಈಗ ಮತ್ತೆ ತೋಟಕ್ಕೆ ಹೋಗುತ್ತಿದೆ. 31 ಇಂಚಿನ ಟೈರು ಮಾರಿ ಹಳೇ ಅಳತೆಯದು ಹಾಕಿದ್ದಾರೆ. ಟೈರು ಮಾರಿದ ದುಡ್ಡಿನಲ್ಲೇ ಬ್ರೇಕಿನ ಕೆಲಸ ಮುಗಿಯಿತು. ದರೆಗೆ ಗುದ್ದಿದ ಮಡ್‌ಗಾರ್ಡನ್ನು ತಟ್ಟಿ ನೆಟ್ಟಗೆ ಮಾಡಿದ್ದಾರೆ, ಬಣ್ಣ ಹೊಡೆಸಿಲ್ಲ. ಅಲ್ಲಿ ಕೆಂಪು ಪ್ರೈಮರ್ ಹಾಗೇ ಇದೆ. ಮಣಿಕಟ್ಟು ಮುರಿದುಕೊಂಡಿದ್ದ ಹೆಂಗಸು ಮಾತ್ರ ಇನ್ನೂ ಜೀಪು ಹತ್ತುತ್ತಿಲ್ಲ. ಮೈಲಿ ದೂರದ ತೋಟಕ್ಕೆ ನಡೆದೇ ಹೋಗುತ್ತಾರೆ.