ಹರಳಿಗೆ ಅಂಕ ಕೊಡುವವರು



ರತ್ನದ ಯೋಗ್ಯತೆಯನ್ನು ಕಾಗದದ ಮೇಲಿನ ಒಂದು ಅಕ್ಷರವೇ ನಿರ್ಣಯಿಸಿಬಿಡುತ್ತದೆ ಎಂಬ ನಂಬಿಕೆ ಈಗ ನಮ್ಮ ಗೋಕಾಕ, ಹುಕ್ಕೇರಿಗಳ ಮನೆಗಳಿಗೂ ಬಂದಿದೆ. ಮೂಡಲಗಿಯ ಕಡೆಯ ನಮ್ಮ ಬಂಧುಗಳೊಬ್ಬರ ಮನೆಯಲ್ಲಿ ತಾಯಿಯ ಒಡವೆ ಹಂಚುವಾಗ, ಮೂವರು ಅಕ್ಕತಂಗಿಯರ ನಡುವೆ ಒಂದು ವಜ್ರದ ಮೂಗುತಿ ಅನಾಥವಾಯಿತು. ಪರೀಕ್ಷೆ ಮಾಡಿಸಿದಾಗ 'ಹಳದಿ ಛಾಯೆಯಿದೆ, ಕೆಳದರ್ಜೆ' ಎಂದು ತಿಳಿದುಬಂದಿತಂತೆ. ಐವತ್ತು ವರ್ಷ ಆ ತಾಯಿಯ ಮುಖಕ್ಕೆ ಕಳೆ ತಂದಿದ್ದ ಹರಳನ್ನು ಹಿರಿಯಳು ಬೇಡವೆಂದಳು. ಕಿರಿಯಳು 'ಕಳಪೆಯದು ನನಗೇ ಏಕೆ?' ಎಂದು ಕಣ್ಣೀರಿಟ್ಟಳು.

ತೂಕದಲ್ಲಿ ಜಗಳವಿಲ್ಲ. ಪತ್ತಾರರು ಗುಲಗಂಜಿಯಿಟ್ಟು ತೂಗುತ್ತಿದ್ದ ಕಾಲ ಹೋಗಿ ಕ್ಯಾರೆಟ್ ಬಂದಿದೆ. ಒಂದು ಕ್ಯಾರೆಟ್ ಎಂದರೆ 200 ಮಿಲಿಗ್ರಾಂ, ಎಲ್ಲಿ ತೂಗಿದರೂ ಅಷ್ಟೇ. ಬಣ್ಣದ ಮಾತು ಹಾಗಲ್ಲ. ಅಮೆರಿಕದ ಜೆಮಾಲಜಿಕಲ್ ಇನ್‌ಸ್ಟಿಟ್ಯೂಟ್ 1950ರ ದಶಕದಲ್ಲಿ ರೂಪಿಸಿದ ಕ್ರಮದಂತೆ ಬಣ್ಣವೇ ಇಲ್ಲದ ವಜ್ರಕ್ಕೆ 'ಡಿ', ಹಳದಿ ಏರಿದಂತೆ 'ಝಡ್'ವರೆಗಿನ ಅಕ್ಷರಗಳು. (ಎ, ಬಿ, ಸಿಗಳನ್ನು ವ್ಯಾಪಾರಿಗಳು ಮೊದಲೇ ಮನಬಂದಂತೆ ಬಳಸಿ ಕೆಡಿಸಿದ್ದರಿಂದ 'ಡಿ'ಯಿಂದ ಆರಂಭ!) ನಿಯಂತ್ರಿತ ಬೆಳಕಿನಲ್ಲಿ, ಮಾದರಿ ಹರಳುಗಳ ಪಕ್ಕದಲ್ಲಿಟ್ಟು, ಒಬ್ಬರಿಗಿಂತ ಹೆಚ್ಚು ಪರೀಕ್ಷಕರು ನೋಡುತ್ತಾರೆ. ಒಬ್ಬರೇ ಏಕೆ ಸಾಲದು? ಉತ್ತರಪತ್ರಿಕೆ ತಿದ್ದಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಣಿತದ ಲೆಕ್ಕಕ್ಕೆ ನಾಲ್ವರೂ ಒಂದೇ ಅಂಕ ಕೊಟ್ಟಾರು. ಅದೇ ಕನ್ನಡ ಪ್ರಬಂಧಕ್ಕೆ ಒಬ್ಬರದು ಮೂರು, ಇನ್ನೊಬ್ಬರದು ನಾಲ್ಕೂವರೆ.

ಸ್ವಾರಸ್ಯ ನೋಡಿರಿ. ಆ ಹಳದಿ 'ಝಡ್' ಅನ್ನೂ ದಾಟಿ ಗಾಢವಾದರೆ, ದೋಷವೆನಿಸಿದ್ದೇ ಗುಣವಾಗುತ್ತದೆ! 'ಫ್ಯಾನ್ಸಿ' ಎಂಬ ಹೆಸರು ಪಡೆದು ಬೆಲೆಯೂ ಏರುತ್ತದೆ. ಅಂದಮೇಲೆ ತೆಳುಹಳದಿಯನ್ನು ಕೀಳೆಂದದ್ದು ಪ್ರಕೃತಿಯಲ್ಲ, ಪೇಟೆ. ಪೇಟೆಯ ಆ ಅಕ್ಷರವನ್ನು ಒಡಹುಟ್ಟಿದವರ ಪಾಲಿನ ನಡುವೆ ತಂದು ಕೂರಿಸುವುದು ನನಗಂತೂ ಒಪ್ಪಿಗೆಯಿಲ್ಲ.

ಹಾಗೆಂದು ನಮ್ಮ ಪೂರ್ವಿಕರೇನೂ ನಿಷ್ಪಕ್ಷಪಾತಿಗಳಾಗಿರಲಿಲ್ಲ. ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯು ಬಿಳಿಯ ವಜ್ರ ಬ್ರಾಹ್ಮಣರಿಗೆ, ಕೆಂಪು-ಹಳದಿಯವು ಕ್ಷತ್ರಿಯರಿಗೆ ಶುಭವೆಂದು ವರ್ಣಕ್ಕೊಂದು ಬಣ್ಣ ಹಂಚುತ್ತದೆ. ಹರಳಿನ ಗುಣ ಧರಿಸುವವನ ಜಾತಿಯನ್ನು ಅವಲಂಬಿಸಿತ್ತು! ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿಯೂ (12ನೆಯ ಶತಮಾನ) ರತ್ನಪರೀಕ್ಷೆಗೆ ಸ್ಥಾನವಿದೆ. ಅರಸನಾದವನು ಅದನ್ನೂ ಕಲಿಯಬೇಕಿತ್ತು.

ಮಾಣಿಕ್ಯ, ಪಚ್ಚೆ, ನೀಲಗಳ ವಿಷಯದಲ್ಲಿ ಜಗತ್ತೆಲ್ಲ ಒಪ್ಪಿದ ಒಂದೇ ಶ್ರೇಣಿಯೂ ಇಲ್ಲ. ಒಂದು ಪ್ರಯೋಗಾಲಯ 'ಪಾರಿವಾಳದ ರಕ್ತವರ್ಣ' ಎಂದು ಹೊಗಳಿದ ಮಾಣಿಕ್ಯವನ್ನು ಇನ್ನೊಂದು ಹಾಗೆ ಕರೆಯದಿರಬಹುದು.

ಪ್ರಮಾಣಪತ್ರವೇ ಬೇಡವೆಂದು ನಾನು ಹೇಳುತ್ತಿಲ್ಲ. ಹರಳು ಭೂಮಿಯಲ್ಲಿ ದೊರೆತದ್ದೋ ಪ್ರಯೋಗಾಲಯದಲ್ಲಿ ಬೆಳೆಸಿದ್ದೋ, ಮಾಣಿಕ್ಯದ ಬಿರುಕಿಗೆ ಗಾಜು ತುಂಬಿದ್ದಾರೆಯೋ ಎಂಬುದು ಅಭಿಪ್ರಾಯವಲ್ಲ, ಸಂಗತಿ. ಕೊಳ್ಳುವವರು ಪತ್ರದಲ್ಲಿ ಮೊದಲು ಅದನ್ನೇ ಓದಬೇಕು. ಹಾಗೆಯೇ ಅಂಗಡಿಗೆ ಹಗಲಿನಲ್ಲಿ ಹೋಗಿರಿ. ಅಲ್ಲಿನ ದೀಪಗಳ ಕೆಳಗೆ ಎಲ್ಲ ಹರಳುಗಳೂ ಸುಂದರವೇ. ನಮ್ಮ ಪತ್ತಾರರು ಹರಳನ್ನು ಚಿಮಟದಲ್ಲಿ ಹಿಡಿದು ಬಾಗಿಲ ಬೆಳಕಿಗೆ ಬರುತ್ತಿದ್ದುದು ಅದಕ್ಕಾಗಿಯೇ.