ಬೆಟ್ಟ ಎಂದರೆ ನೆತ್ತಿ ಮಾತ್ರವೇ?



ನಂದಿಬೆಟ್ಟಕ್ಕೆ ರೋಪ್‌ವೇ ಬಂದರೆ ವಾಹನ ದಟ್ಟಣೆ ತಗ್ಗುತ್ತದೆ ಎಂಬ ಮಾತನ್ನು 2023ರ ಮಾರ್ಚ್‌ನಲ್ಲಿ ಶಂಕುಸ್ಥಾಪನೆ ಆದಾಗಿನಿಂದ ಕೇಳುತ್ತಲೇ ಇದ್ದೇವೆ. ಈ ಲೆಕ್ಕ ನನಗೆ ಒಪ್ಪಿಗೆಯಾಗಿಲ್ಲ. ಸುಮಾರು ಮೂರು ಕಿ.ಮೀ. ತಂತಿಯ ಮೇಲೆ ಜನರನ್ನು ಸಾಗಿಸಿದರೆ ರಸ್ತೆ ಹಗುರಾದೀತು. ಬೆಟ್ಟದ ನೆತ್ತಿ?

ಭಾನುವಾರ ಬೆಳಕು ಹರಿಯುವ ಮುಂಚೆ ಬಂದು ನೋಡಿ. ಬುಡದಿಂದಲೇ ಕಾರು, ಬೈಕುಗಳ ಸಾಲು. ಮೇಲೆ ಬಂದವರೆಲ್ಲ ಸೂರ್ಯೋದಯ ನೋಡಲು ಒಂದೇ ಅಂಚಿಗೆ ಮುಗಿಬೀಳುತ್ತಾರೆ. ಮಂಜು ಕವಿದ ದಿನ ಸೂರ್ಯನೂ ಇಲ್ಲ, ಎತ್ತಿ ಹಿಡಿದ ಮೊಬೈಲುಗಳದ್ದೇ ಬೆಳಕು. ಬಿಸಿಲೇರುವ ಹೊತ್ತಿಗೆ ಚಿಪ್ಸ್ ಪೊಟ್ಟಣಗಳೆಲ್ಲ ಕೋತಿಗಳ ಪಾಲು. ಒಂದು ಕೋತಿ ಜ್ಯೂಸ್ ಬಾಟಲಿಯ ಮುಚ್ಚಳವನ್ನು ತಿರುಗಿಸಿಯೇ ತೆಗೆದದ್ದನ್ನು ಕಂಡಿದ್ದೇನೆ. ಅಷ್ಟು ನಾಜೂಕು ಬಾಟಲಿ ತಂದವರಿಗೂ ಇರಲಿಲ್ಲ!

1,478 ಮೀಟರ್ ಎತ್ತರದ ಈ ಬೆಟ್ಟದ ಇಳಿಜಾರು ಮಾತ್ರ ಯಾರ ಲೆಕ್ಕಕ್ಕೂ ಬಂದಿಲ್ಲ. ಅಲ್ಲಿನ ಬಂಡೆ, ಕುರುಚಲು ಕಾಡಿನ ನಡುವೆ ಹಳದಿ ಕತ್ತಿನ ಪಿಕಳಾರ ಸಿಗುತ್ತದೆ. ದಕ್ಷಿಣ ಭಾರತದ ಇಂಥ ಕಲ್ಲುಗುಡ್ಡಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಹಕ್ಕಿ ಅದು. 2021ರ ಆಗಸ್ಟ್‌ನಲ್ಲಿ ಮಳೆಗೆ ಗುಡ್ಡ ಜರಿದು ರಸ್ತೆಯೇ ಕೊಚ್ಚಿಹೋಗಿ, ತಿಂಗಳುಗಟ್ಟಲೆ ಪ್ರವೇಶ ನಿಂತಿತ್ತು. ರೋಪ್‌ವೇ ಪರ ಇರುವವರು ಇದನ್ನೇ ತಮ್ಮ ವಾದಕ್ಕೆ ಬಳಸಿಕೊಳ್ಳಬಹುದು. ಆದರೆ ತಂತಿಯ ಕಂಬಗಳೂ ಅದೇ ಇಳಿಜಾರಿನಲ್ಲೇ ನಿಲ್ಲಬೇಕಲ್ಲ?

ಸುಲ್ತಾನಪೇಟೆ ಕಡೆಯಿಂದ ಹಳೆಯ ಮೆಟ್ಟಿಲುದಾರಿ ಇದೆ. ಏದುಸಿರು ಬಿಡುತ್ತಾ ಹತ್ತಿದವರಿಗೆ ಕೋಟೆಗೋಡೆ, ಕೆಳಗಿನ ದ್ರಾಕ್ಷಿತೋಟ, ಕೆರೆಗಳು ಒಂದೊಂದಾಗಿ ತೆರೆದುಕೊಳ್ಳುತ್ತವೆ. ಬೆಟ್ಟಕ್ಕೆ ಬರುವುದರ ಸುಖ ಅರ್ಧ ಅಲ್ಲೇ ಇದೆ. 2025ರ ಜುಲೈನಲ್ಲಿ ಸಚಿವ ಸಂಪುಟದ ಸಭೆಯೇ ಬೆಟ್ಟದ ಮೇಲೆ ನಡೆಯಿತು. ಆಗ ಒಬ್ಬಿಬ್ಬರಾದರೂ ಈ ಮೆಟ್ಟಿಲು ಹತ್ತಿಕೊಂಡು ಬಂದಿದ್ದರೆ ಚೆನ್ನಾಗಿತ್ತು.

ದಾರಿಯನ್ನು ದುರಸ್ತಿ ಮಾಡಿಸಿ, ಕುಡಿಯುವ ನೀರು, ಶೌಚಾಲಯ, ಕಾವಲು ಒದಗಿಸಲಿ. ವಾರಾಂತ್ಯದಲ್ಲಿ ಖಾಸಗಿ ವಾಹನಗಳನ್ನು ಬುಡದಲ್ಲೇ ನಿಲ್ಲಿಸಿ, ವಯಸ್ಸಾದವರಿಗೆ, ನಡೆಯಲಾಗದವರಿಗೆ ಹತ್ತು ನಿಮಿಷಕ್ಕೊಂದು ಬಸ್ ಬಿಡಲಿ. ದಿನಕ್ಕೆ ಎಷ್ಟು ಜನರನ್ನು ಈ ಬೆಟ್ಟ ತಾಳೀತು ಎಂಬುದನ್ನೂ ಗೊತ್ತು ಮಾಡಲಿ. ಇಷ್ಟಾದ ಮೇಲೂ ರೋಪ್‌ವೇ ಬೇಕೇಬೇಕು ಎನ್ನುವುದಾದರೆ, ಅದು ಓಡುವ ದಿನದಿಂದ ಕಾರು, ಬೈಕು ಮೇಲೆ ಬರುವಂತಿಲ್ಲ ಎಂದು ಸರ್ಕಾರ ಈಗಲೇ ಆದೇಶ ಹೊರಡಿಸಲಿ. ರಸ್ತೆಯೂ ಇರಲಿ, ತಂತಿಯೂ ಇರಲಿ ಎನ್ನುವುದಾದರೆ, ದಟ್ಟಣೆ ತಗ್ಗಿಸುವ ಮಾತನ್ನಾದರೂ ಬಿಡಲಿ.

– ಒಬ್ಬ ಓದುಗ, ಚಿಕ್ಕಬಳ್ಳಾಪುರ